ಹಗ್ಗದ ಮೇಲೆ ಹನ್ನೊಂದು ಕ್ಲಿಪ್ಪು

ಬಟ್ಟೆ ಒಣಹಾಕುವ ಹಗ್ಗದಲ್ಲಿ ಒಂದು ಕ್ಲಿಪ್ಪು ಕಡಿಮೆ ಇತ್ತು. ಹನ್ನೆರಡು ಇರಬೇಕಾದಲ್ಲಿ ಹನ್ನೊಂದು. ಗಂಡನ ಅಂಗಿಯನ್ನು ಹಿಂಡಿ ಕೊಡವಿದವಳು ಅದನ್ನು ಹಗ್ಗಕ್ಕೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು. ಬಕೆಟ್ಟಿನೊಳಗೆ ನೋಡಿದಳು, ಮೆಟ್ಟಿಲ ಕೆಳಗೆ ನೋಡಿದಳು, ಅತ್ತೆಯ ಕೋಣೆಯ ಕಿಟಕಿ ಸರಳುಗಳನ್ನೂ ನೋಡಿದಳು. ಹುಡುಕುತ್ತಿದ್ದಳೇ ಹೊರತು ಅದು ಅಲ್ಲೆಲ್ಲೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒದ್ದೆ ಅಂಗಿಯ ನೀರು ಮೊಣಕೈಯಿಂದ ಇಳಿದು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಮಗಳು ಕಾರ್ಖಾನೆಗೆ ಸೇರಿ ಅವತ್ತಿಗೆ ಮೂರನೇ ದಿನ.

ಬೇರೆ ಮನೆಯಲ್ಲಾದರೆ ಒಂದು ಮರದ ಕ್ಲಿಪ್ಪು ಕಳೆದುಹೋಗಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಕ್ಲಿಪ್ಪಕ್ಕ ಎಂದು. ಆ ಹೆಸರು ಹೇಗೆ ಅಂಟಿತು ಎನ್ನುವುದನ್ನು ಹೇಳದೆ ಅವಳು ಯಾಕೆ ಹಾಗೆ ಒದ್ದೆ ಅಂಗಿ ಹಿಡಿದು ನಿಂತಳು ಎಂದು ಹೇಳಲಾಗುವುದಿಲ್ಲ.

ಡಬ್ಬಗಳ ಮುಚ್ಚಳ ಮಾಡುವ ಕಾರ್ಖಾನೆ ಅದು. ಉದ್ದನೆಯ ಶೆಡ್ಡಿನಲ್ಲಿ ಹತ್ತು ಪ್ರೆಸ್ಸು ಸಾಲಾಗಿ ನಿಂತಿವೆ, ಹತ್ತರ ಮುಂದೆಯೂ ಹೆಂಗಸರು. ತಗಡಿನ ಬಿಲ್ಲೆಯನ್ನು ಅಚ್ಚಿನಲ್ಲಿ ಇಡಬೇಕು, ಎಡಕ್ಕೊಂದು ಬಲಕ್ಕೊಂದು ಇರುವ ಹಸಿರು ಗುಂಡಿಗಳನ್ನು ಎರಡು ಅಂಗೈಗಳಿಂದ ಒಟ್ಟಿಗೆ ಒತ್ತಬೇಕು. ಆಗ ಪ್ರೆಸ್ಸಿನ ತಲೆ ಧಡಾರನೆ ಇಳಿದು ಬಿಲ್ಲೆಯನ್ನು ಮುಚ್ಚಳ ಮಾಡಿ ಮೇಲೇಳುತ್ತದೆ. ಗುಂಡಿಯ ಮೇಲಿರುವ ಕೈ ಅಚ್ಚಿನೊಳಗೆ ಇರಲಾರದು. ಆ ಎರಡು ಗುಂಡಿಗಳ ಜಾಣತನ ಇಷ್ಟೇ, ಆದರೆ ಹತ್ತು ಬೆರಳು ಉಳಿಯುವುದಕ್ಕೆ ಇಷ್ಟು ಸಾಕು.

ಒಂಬತ್ತು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಹಾಸಿಗೆಯಲ್ಲೇ ಎಲ್ಲ. ಇವಳು ಬೆಳಿಗ್ಗೆ ಅವರನ್ನು ಒರೆಸಿ, ಬಟ್ಟೆ ಬದಲಾಯಿಸಿ, ಉಣ್ಣಿಸಿ ಹೊರಟರೆ ತಿರುಗಿ ಬರುವುದು ಸಂಜೆ ಐದೂವರೆಗೆ. ಗಂಡ ಗೋದಾಮಿನಲ್ಲಿ ಕಾವಲುಗಾರ. ನಾಲ್ಕಕ್ಕೆಲ್ಲ ಮನೆಗೆ ಬರುತ್ತಿದ್ದ. ಬಂದವನು ಅಮ್ಮನ ಕೋಣೆಗೆ ಇಣುಕಿ, ಮೂಗಿಗೆ ವಾಸನೆ ಬಡಿದ ಕೂಡಲೇ, ಅವಳು ಬರಲಿ ತಾಳಮ್ಮ ಎಂದು ಹೇಳಿ ಪೇಪರ್ ಹಿಡಿದು ಹೊರಗೆ ಕೂರುತ್ತಿದ್ದ. ಒಂದೂವರೆ ಗಂಟೆ ಒದ್ದೆಯಲ್ಲಿ ಮಲಗಿದ ಮುದುಕಿಯ ಬೆನ್ನು ಹುಣ್ಣಾಗತೊಡಗಿತು. ಅವನನ್ನು ಯಾರೂ ಏನೂ ಅನ್ನಲಿಲ್ಲ. ಸೊಸೆ ತಡವಾಗಿ ಬರುತ್ತಾಳೆ ಎಂದು ಓಣಿಯವರು ಮೂಗು ಮುರಿದರು.

ಆಗ ಕಾರ್ಖಾನೆಯಲ್ಲಿ ಮೂರು ಸಾವಿರ ಮುಚ್ಚಳ ಮುಗಿಸಿದವರು ಗಂಟೆಗೆ ಕಾಯದೆ ಮನೆಗೆ ಹೋಗಬಹುದಿತ್ತು. ಒಂದು ದಿನ ಬೆಳಿಗ್ಗೆ ಅವಸರದಲ್ಲಿ ಬಟ್ಟೆ ಹರವಿ ಬಂದವಳ ಏಪ್ರನ್ನಿಗೆ ಒಂದು ಕ್ಲಿಪ್ಪು ಕಚ್ಚಿಕೊಂಡೇ ಬಂದಿತ್ತು. ಅದನ್ನು ಕಿತ್ತು ನೋಡಿದಳು. ಗುಂಡಿಯ ಸುತ್ತ ಒಂದು ಕಬ್ಬಿಣದ ಬಳೆ ಇರುತ್ತದೆ. ಎಡಗುಂಡಿಯನ್ನು ಒತ್ತಿಹಿಡಿದು ಆ ಬಳೆಯ ಸಂದಿಗೆ ಕ್ಲಿಪ್ಪಿನ ಕಾಲು ತುರುಕಿದಳು. ಗುಂಡಿ ಒತ್ತಿದಂತೆಯೇ ಉಳಿಯಿತು. ಇನ್ನು ಬಲಗೈ ಒಂದೇ ಒತ್ತಿದರೆ ಸಾಕು, ಎಡಗೈ ಬಿಲ್ಲೆ ಇಡಬಹುದು, ಮುಚ್ಚಳ ತೆಗೆಯಬಹುದು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮಗು ಹಿಡಿದು ವರ್ಷಗಟ್ಟಲೆ ಪಳಗಿದ ಹೆಂಗಸಿಗೆ ಅದು ಕಷ್ಟವೇ ಅಲ್ಲ. ಅವತ್ತು ಮೂರೂವರೆಗೆ ಮನೆಯಲ್ಲಿದ್ದಳು. ಅತ್ತೆಯ ಬೆನ್ನು ತಿಂಗಳೊಳಗೆ ಮಾಯಿತು.

ಪಕ್ಕದವರು ಕೇಳಿದರು, ಇವಳು ತೋರಿಸಿದಳು. ತನ್ನ ಹಗ್ಗದಿಂದಲೇ ನಾಲ್ಕೈದು ಕ್ಲಿಪ್ಪು ತಂದುಕೊಟ್ಟಳು. ಎಲ್ಲರೂ ಬೇಗ ಮುಗಿಸಿ ಹೊರಡುವುದನ್ನು ಆಫೀಸಿನವರು ಮೂರು ತಿಂಗಳು ನೋಡಿದರು, ಆಮೇಲೆ ಗೋಡೆಯ ಮೇಲಿನ ಮೂರು ಸಾವಿರವನ್ನು ಅಳಿಸಿ ನಾಲ್ಕು ಸಾವಿರ ಬರೆಸಿದರು. ಬೇಗ ಹೋಗುವುದು ಅಲ್ಲಿಗೆ ನಿಂತಿತು. ಕ್ಲಿಪ್ಪು ಮಾತ್ರ ಉಳಿಯಿತು, ಯಾಕೆಂದರೆ ಅದಿಲ್ಲದೆ ನಾಲ್ಕು ಸಾವಿರ ಆಗುತ್ತಲೇ ಇರಲಿಲ್ಲ.

ಹೋದ ವರ್ಷ ಮೂಲೆಯ ಪ್ರೆಸ್ಸಿನವಳ ಎಡಗೈಯ ಎರಡು ಬೆರಳು ಹೋದವು. ಮುಚ್ಚಳ ಅಚ್ಚಿಗೆ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಎಡಗೈ ಒಳಗೆ ಹೋಗಿತ್ತು, ಬಲಗೈ ಅಭ್ಯಾಸದಂತೆ ಗುಂಡಿ ಒತ್ತಿತು. ಅಷ್ಟೇ. ಎಲ್ಲರೂ ಮೂಲೆಯತ್ತಿಗೆ ಎಂದು ಕರೆಯುವ ಆ ಹೆಂಗಸನ್ನು ವಾಸಿಯಾದ ಮೇಲೆ ಪ್ಯಾಕಿಂಗಿಗೆ ಹಾಕಿದರು. ವರದಿಯಲ್ಲಿ ‘ಕಾರ್ಮಿಕಳ ಅಜಾಗರೂಕತೆ’ ಎಂದು ಬರೆದು ಕೈ ತೊಳೆದುಕೊಂಡರು. ನಾಲ್ಕು ಸಾವಿರದ ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಬೋರ್ಡು ಬಂತು: ‘ಎರಡೂ ಕೈ ಬಳಸಿ. ತಪ್ಪಿದವರು ಕೆಲಸದಿಂದ ವಜಾ.’ ದಿನಾ ಬೆಳಿಗ್ಗೆ ಅದನ್ನು ಓದಿದ್ದೇವೆ ಎಂದು ರಿಜಿಸ್ಟರಿಗೆ ಸಹಿ ಹಾಕಿ, ಸಹಿ ಹಾಕಿದ ಕೈಯಲ್ಲೇ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಸೂಪರ್‌ವೈಸರು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದ. ಹೊರಗಿನವರು ಯಾರಾದರೂ ಬರುವುದಿದ್ದರೆ ಸೀಟಿ ಊದುತ್ತಿದ್ದ, ಕ್ಲಿಪ್ಪುಗಳು ಜೇಬಿಗಿಳಿಯುತ್ತಿದ್ದವು. ಕ್ಲಿಪ್ಪಕ್ಕ ಅಪಘಾತದ ನಂತರ ಮೂರು ದಿನ ಎರಡು ಕೈಯಲ್ಲೇ ಮಾಡಿದ್ದಳು. ನಾಲ್ಕನೇ ದಿನ ಆಫೀಸಿಗೆ ಕರೆಸಿ ಕೇಳಿದರು. ಐದನೇ ದಿನ ಮತ್ತೆ ಹಾಕಿದಳು.

ಈಗ ಅದೇ ಮೂಲೆಯ ಪ್ರೆಸ್ಸಿಗೆ ಅವಳ ಹತ್ತೊಂಬತ್ತರ ಮಗಳು. ಹದಿನೈದು ದಿನದೊಳಗೆ ನಾಲ್ಕು ಸಾವಿರ ಮುಟ್ಟಿದರೆ ಕೆಲಸ ಖಾಯಂ. ಖಾಯಂ ಆದವರು ಯಂತ್ರ ರಿಪೇರಿ ಕಲಿಯಲು ಅರ್ಜಿ ಹಾಕಬಹುದು. ಆ ಹುಡುಗಿಗೆ ಬೇಕಿದ್ದದ್ದು ಅದು, ಮುಚ್ಚಳವಲ್ಲ. ಚಿಕ್ಕವಳಿದ್ದಾಗಲೇ ಮನೆಯ ಫ್ಯಾನು ಬಿಚ್ಚಿ ಜೋಡಿಸಿದವಳು.

ಕ್ಲಿಪ್ಪು ಕಾಣೆಯಾದ ಆ ಬೆಳಿಗ್ಗೆ ಮಗಳು ಅಡುಗೆಮನೆಯಲ್ಲಿ ಇಬ್ಬರ ಬುತ್ತಿ ಕಟ್ಟುತ್ತಿದ್ದಳು. ತಾಯಿ ಬಾಗಿಲಲ್ಲಿ ನಿಂತು ಕೇಳಿದಳು.

“ಕ್ಲಿಪ್ಪು ಎಲ್ಲಿ?”

“ಯಾವ ಕ್ಲಿಪ್ಪು?”

“ನನ್ನ ಹತ್ರ ಆಟ ಆಡಬೇಡ.”

ಮಗಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. “ಮೊದಲನೇ ದಿನ ಎರಡು ಕೈಲೇ ಮಾಡಿದೆ. ಎರಡು ಸಾವಿರದ ಆರುನೂರು ಆಯ್ತು. ಸೂಪರ್‌ವೈಸರ್ ಏನಂದ್ರು ಗೊತ್ತಾ? ನಿಮ್ಮಮ್ಮನ ಹೆಸರಿಗೆ ಮಸಿ ಬಳೀಬೇಡ ಅಂದ್ರು.”

“ಆ ಪ್ರೆಸ್ಸಲ್ಲಿ ಏನಾಯ್ತು ಅಂತ ನಿನಗೆ ಗೊತ್ತು.”

“ಗೊತ್ತು. ನೀನು ಒಂಬತ್ತು ವರ್ಷ ಹಾಕ್ಕೊಂಡಿದೀಯ ಅನ್ನೋದೂ ಗೊತ್ತು. ಹತ್ತೂ ಬೆರಳು ನೆಟ್ಟಗಿದೆಯಲ್ಲ.” ಆಮೇಲೆ ಸ್ವಲ್ಪ ಮೆತ್ತಗೆ, “ಹದಿನೈದು ದಿನ ಅಷ್ಟೇ ಅಮ್ಮ. ಆಮೇಲೆ ನಾನು ಸ್ಪ್ಯಾನರ್ ಹಿಡೀತೀನಿ.”

ಹೊರಗಿನಿಂದ ಗಂಡ, ಅಂಗಿ ಒಣಗೋಕೆ ಹಾಕಿದ್ಯಾ ಎಂದು ಕೇಳಿದ. ಅಂಗಿ ಇನ್ನೂ ಅವಳ ಕೈಯಲ್ಲೇ ಇತ್ತು.

ಕಾರ್ಖಾನೆಯಲ್ಲಿ ಕ್ಲಿಪ್ಪಕ್ಕನ ಪ್ರೆಸ್ಸು ಸಾಲಿನಲ್ಲಿ ನಾಲ್ಕನೆಯದು. ಅಲ್ಲಿಂದ ಮೂಲೆಯಲ್ಲಿ ಮಗಳ ಬೆನ್ನು, ಎಡ ಮೊಣಕೈ ಕಾಣುತ್ತಿತ್ತು. ಶೆಡ್ಡಿನ ಸದ್ದಿನಲ್ಲಿ ಕೂಗಿದರೆ ಪಕ್ಕದವಳಿಗೂ ಕೇಳದು. ಆ ಮೊಣಕೈ ಮುಂದೆ ಹೋದಾಗಲೆಲ್ಲ ಇವಳ ಉಸಿರು ಹಿಡಿದುಕೊಳ್ಳುತ್ತಿತ್ತು, ಹಿಂದೆ ಬಂದಾಗ ಬಿಡುತ್ತಿತ್ತು. ನಿಮಿಷಕ್ಕೆ ಎಂಟು ಸಲ. ಹಾಗೆ ನೋಡುತ್ತಾ ನೋಡುತ್ತಾ ಒಮ್ಮೆ ತನ್ನ ಬಲಗೈ ಗುಂಡಿ ಒತ್ತುವುದಕ್ಕೂ ಎಡಗೈ ಅಚ್ಚಿನಿಂದ ಈಚೆ ಬರುವುದಕ್ಕೂ ನಡುವೆ ಉಳಿದದ್ದು ಒಂದು ಕೂದಲೆಳೆ. ಪ್ರೆಸ್ಸಿನ ಗಾಳಿ ಬೆರಳಿಗೆ ಬಡಿಯಿತು.  ಅವಳು ತನ್ನ ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡಳು. ಕಣ್ಣು ಮಗಳ ಮೇಲಿರಬೇಕಾದರೆ ತನ್ನ ಕೈ ಎರಡೂ ಗುಂಡಿಯ ಮೇಲಿರಲೇಬೇಕಿತ್ತು.

ಮಧ್ಯಾಹ್ನ ಮೇಲೆ ಟ್ರೇ ಎಳೆಯಲು ಬಗ್ಗಿ ಎದ್ದಾಗ ಮಗಳು ಎಡಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದಳು. ಮುಖ ಸುಣ್ಣದಂತಾಗಿತ್ತು. ಇವಳು ನೋಡುತ್ತಿರುವುದು ಕಂಡು ನಕ್ಕು, ಏನಿಲ್ಲ ಎನ್ನುವಂತೆ ತಲೆಯಾಡಿಸಿ ಮತ್ತೆ ಕೆಲಸಕ್ಕೆ ತೊಡಗಿದಳು.

ಕಾರ್ಖಾನೆ ಕೈಗವಸು ಕೊಡುತ್ತದೆ, ಒಗೆಯುವುದಿಲ್ಲ. ಎಣ್ಣೆ ಮೆತ್ತಿದ ಗವಸುಗಳನ್ನು ಹೆಂಗಸರು ಮನೆಗೆ ತಂದು ಒಗೆಯುತ್ತಾರೆ, ಹರಿದದ್ದನ್ನು ಹೊಲಿದುಕೊಳ್ಳುತ್ತಾರೆ. ಈ ಮನೆಯಲ್ಲಿ ಒಗೆಯುವುದು ಸೊಸೆ, ಹಾಸಿಗೆಯಲ್ಲಿ ಒರಗಿ ಹೊಲಿಯುವುದು ಅತ್ತೆ. ಆ ಸಂಜೆ ಅತ್ತೆ ಒಂದು ಗವಸಿನೊಳಗೆ ತಮ್ಮ ಕೈ ತೂರಿಸಿ ನೋಡಿದರು. ನಡುಬೆರಳಿನ ತುದಿ ಹೊರಗೆ ಬಂತು.

“ಇದು ಹರಿದಿದ್ದಲ್ಲ ಕಣೇ, ಕತ್ತರಿಸಿದ್ದು,” ಎಂದರು. “ಯಾರದು?”

ಸೊಸೆ ಮಂಚದ ಅಂಚಿನಲ್ಲಿ ಕೂತಳು. ಅವಳ ಗವಸಿನ ಅಳತೆ ಅದಕ್ಕಿಂತ ದೊಡ್ಡದು, ಅತ್ತೆಗೂ ಅದು ಗೊತ್ತಿತ್ತು. ಕೊನೆಗೆ ಎಲ್ಲವನ್ನೂ ಹೇಳಿದಳು. ಕ್ಲಿಪ್ಪು ಮೊದಲು ಹಾಕಿದ್ದು ಯಾಕೆ ಎನ್ನುವುದನ್ನೂ ಹೇಳಿದಳು. ಅದನ್ನು ಒಂಬತ್ತು ವರ್ಷದಲ್ಲಿ ಅವರ ಮುಂದೆ ಬಾಯಿಬಿಟ್ಟಿರಲಿಲ್ಲ. ಮುದುಕಿ ಸೂಜಿಯನ್ನು ದಿಂಬಿಗೆ ಚುಚ್ಚಿದರು. ಆಮೇಲೆ ಹೊರಗಿನ ಕೋಣೆಗೆ ಕೇಳುವಂತೆ ಮಗನನ್ನು ಕರೆದರು. ಅವನು ಪೇಪರ್ ಹಿಡಿದೇ ಬಂದ.

“ದಿನಾ ನಾಲ್ಕು ಗಂಟೆಗೆ ಮನೇಲಿರ್ತೀಯ. ನಿನ್ನ ಎರಡು ಕೈ ಯಾರಿಗಾದ್ರೂ ಬಾಡಿಗೆಗೆ ಕೊಟ್ಟಿದೀಯೇನೋ?”

ಅವನಿಗೆ ತಲೆಬುಡ ತಿಳಿಯಲಿಲ್ಲ. ನಿನ್ನ ಮಗಳದು ನೋಡು ಎಂದು ಗವಸನ್ನು ಅವನ ಪೇಪರಿನ ಮೇಲೆ ಎಸೆದರು. ತೂತನ್ನು ನೋಡಿದ ಮೇಲೆ ತಿಳಿಯಿತು. ಕೆಲಸ ಬಿಡಿಸಿಬಿಡೋಣ ಎಂದ. ಇವಳನ್ನ ಬಿಡಿಸಿದ್ರೆ ಆ ಪ್ರೆಸ್ಸಿಗೆ ಇನ್ಯಾರ ಮಗಳೋ ಬರ್ತಾಳೆ, ಎಂದಳು ಹೆಂಡತಿ. ಮಗಳಂತೂ, ಬಿಡಿಸಿದರೆ ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡಳು.

ಮಾರನೇ ದಿನ ಸೂಪರ್‌ವೈಸರು ಸಾಲಿನ ಉದ್ದಕ್ಕೂ ಹೇಳುತ್ತಾ ಹೋದ: ನಾಳೆ ಸರ್ಕಾರದ ಕಡೆಯಿಂದ ತಪಾಸಣೆಗೆ ಬರುತ್ತಾರೆ, ಹತ್ತು ಗಂಟೆಗೆ ಸೀಟಿ, ಹುಷಾರು. ಅವತ್ತು ಇಡೀ ದಿನ ಕ್ಲಿಪ್ಪಕ್ಕ ಎರಡು ಕೈಯಲ್ಲೇ ಒತ್ತುತ್ತಿದ್ದಳು. ಅವಳ ಟ್ರೇಗಳು ಕಡಿಮೆಯಾದದ್ದನ್ನು ಅವನು ನೋಡಿದ. ಏನಕ್ಕ, ವಯಸ್ಸಾಯ್ತಾ ಎಂದು ನಕ್ಕ.

ಊಟದ ಹೊತ್ತಿಗೆ ಅವಳು ಪ್ಯಾಕಿಂಗ್ ಮೇಜಿನ ಹತ್ತಿರ ಹೋದಳು. ತುಂಬಿದ ಟ್ರೇ ಬಂದ ಹಾಗೆ ಅದರ ಮೇಲೆ ಪ್ರೆಸ್ಸಿನ ಅಂಕಿ, ಗಂಟೆ ಎರಡನ್ನೂ ಸೀಮೆಸುಣ್ಣದಲ್ಲಿ ಬರೆಯುವುದು ಮೂಲೆಯತ್ತಿಗೆಯ ಕೆಲಸ. ಮೂರು ಬೆರಳಲ್ಲಿ ಡಬ್ಬಿ ಹಿಡಿದು ಉಣ್ಣುತ್ತಿದ್ದ ಅವಳ ಎದುರು ಕೂತು ಕ್ಲಿಪ್ಪಕ್ಕ ಗವಸನ್ನು ಮೇಜಿನ ಮೇಲಿಟ್ಟಳು. ಅತ್ತಿಗೆ ಅದನ್ನು ಮುಟ್ಟಲಿಲ್ಲ.

ನಾಳೆ ಏನು ಮಾಡಬೇಕೆಂದಿದ್ದೇನೆ ಎಂದು ಕ್ಲಿಪ್ಪಕ್ಕ ಹೇಳಿದಳು. ಒಂಬತ್ತರಿಂದ ಹತ್ತರ ಟ್ರೇ, ಹತ್ತರಿಂದ ಹನ್ನೊಂದರ ಟ್ರೇ ಎರಡನ್ನೂ ಲಾರಿಗೆ ಏರಿಸದೆ ಬೇರೆಬೇರೆ ಜೋಡಿಸಿ ಇಡೋಕಾಗುತ್ತಾ ಎಂದು ಕೇಳಿದಳು.

“ಕ್ಲಿಪ್ಪು ತಂದವಳೂ ನೀನೇ,” ಎಂದಳು ಅತ್ತಿಗೆ, ಊಟದ ಡಬ್ಬಿ ನೋಡುತ್ತಾ. “ಆಸ್ಪತ್ರೇಲಿ ಮಲಗಿದ್ದಾಗ ನಿನ್ನ ಹೆಸರು ಹಿಡಿದು ಎಷ್ಟು ಶಾಪ ಹಾಕಿದೀನಿ ಗೊತ್ತಾ? ಈಗ ನಿನ್ನ ಮಗಳ ಬುಡಕ್ಕೆ ಬಂದಾಗ ಎಚ್ಚರ ಆಯ್ತು.”

“ಹೌದು.”

 ಅತ್ತಿಗೆ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಗಂಟೆ ಹೊಡೆಯಿತು.

ಮಾರನೇ ದಿನ, ಶುಕ್ರವಾರ, ಹತ್ತಕ್ಕೆ ಸೀಟಿ ಕೇಳಿತು. ಕ್ಲಿಪ್ಪುಗಳು ಮಾಯವಾದವು. ಶೆಡ್ಡಿನ ಸದ್ದು ಕೂಡಲೇ ಬದಲಾಯಿತು, ಓಡುತ್ತಿದ್ದವರು ನಡೆಯತೊಡಗಿದ ಹಾಗೆ. ತಪಾಸಣೆಯವರು ಮೊದಲು ಆಫೀಸಿನಲ್ಲಿ ಚಹಾ ಕುಡಿದು, ರಿಜಿಸ್ಟರಿನ ಸಹಿಗಳನ್ನು ನೋಡಿ ಬರುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಆ ಒಂದು ಗಂಟೆ ಕ್ಲಿಪ್ಪಕ್ಕ ಎಷ್ಟು ಚುರುಕಾಗಿ ಸಾಧ್ಯವೋ ಅಷ್ಟು ಚುರುಕಾಗಿ ಒತ್ತಿದಳು. ಸೋಮಾರಿತನ ಎಂದು ಯಾರೂ ಹೇಳಬಾರದಿತ್ತು. ಏಪ್ರನ್ ಜೇಬಿನಲ್ಲಿ ಕ್ಲಿಪ್ಪು ತೊಡೆಗೆ ಒತ್ತುತ್ತಿತ್ತು. ಅದನ್ನು ಹೊರಗೆ ತೆಗೆದರೆ ಕೆಲಸ ಹೋಗುತ್ತದೆ. ತೆಗೆಯದಿದ್ದರೆ ಸೀಟಿ ಇನ್ನೊಮ್ಮೆ ಊದುತ್ತದೆ, ಮಗಳ ಮೊಣಕೈ ಮತ್ತೆ ಮುಂದೆ ಹೋಗುತ್ತದೆ. ಇನ್ನೂ ಹತ್ತು ದಿನ.

ಬಂದವರು ಗಿಡ್ಡನೆಯ, ದಪ್ಪ ಕನ್ನಡಕದ ಮನುಷ್ಯ. ಸಾಲನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಮಾತು ಕೇಳಲೆಂದು ಎಲ್ಲರಿಗೂ ಒತ್ತುವುದನ್ನು ನಿಲ್ಲಿಸಲು ಕೈ ಮಾಡಿ, ನಮ್ಮಲ್ಲಿ ನಿಯಮ ಅಂದರೆ ನಿಯಮ ಎಂದು ಸೂಪರ್‌ವೈಸರು ಹೇಳುತ್ತಿದ್ದ. ನಾಲ್ಕನೇ ಪ್ರೆಸ್ಸಿನ ಹತ್ತಿರ ನಿಂತು, ಎಷ್ಟು ವರ್ಷದಿಂದ ಇದ್ದೀರಮ್ಮ, ಏನಾದರೂ ತೊಂದರೆ ಇದೆಯಾ ಎಂದು ವಾಡಿಕೆಯಂತೆ ಕೇಳಿದರು. ಕೇಳಿದವರು ಉತ್ತರಕ್ಕೆ ಕಾಯದೆ ಆಗಲೇ ಮುಂದಕ್ಕೆ ಹೆಜ್ಜೆ ಎತ್ತಿದ್ದರು.

“ಸರ್, ನನ್ನ ಟ್ರೇ ಎಣಿಸ್ತೀರಾ?”

ಅವರು ತಿರುಗಿದರು. ಸೂಪರ್‌ವೈಸರು ಕೈಯಲ್ಲೇ ಸುಮ್ಮನಿರು ಎಂದ.

“ಹತ್ತರಿಂದ ಇಲ್ಲೀವರೆಗೆ ಮೂರು ಟ್ರೇ ತುಂಬಿದೆ, ನಾಲ್ಕನೇದು ಮುಕ್ಕಾಲು. ಟ್ರೇಗೆ ನೂರು. ಈ ಸಾಲಲ್ಲಿ ಎಲ್ಲರಿಗಿಂತ ಬೇಗ ಮಾಡೋಳು ನಾನೇ. ದಿನಕ್ಕೆ ಎಂಟು ಗಂಟೆ ಕೆಲಸ. ಎಷ್ಟಾಯ್ತು ಸರ್?”

ಅವರು ಒಂದು ಕ್ಷಣ ಲೆಕ್ಕ ಹಾಕಿದರು. “ಮೂರು ಸಾವಿರ.”

“ಆ ಬೋರ್ಡಲ್ಲಿ ಎಷ್ಟಿದೆ ನೋಡಿ.”

ಗೋಡೆಯ ಮೇಲೆ ಎರಡು ಬೋರ್ಡುಗಳೂ ಅಕ್ಕಪಕ್ಕ ಇದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಓದಿದರು.

“ಉಳಿದ ಸಾವಿರ ಹೇಗಾಗುತ್ತೆ ಅಂತ ಯಾರೂ ಕೇಳಲ್ಲ ಸರ್. ನೀವು ಕೇಳಿ.”

“ಯಾರನ್ನ ಕೇಳಲಿ?”

“ನನ್ನೇ ಕೇಳಿ.”

ಸೂಪರ್‌ವೈಸರು ಹತ್ತಿರ ಬಂದು ಮೆಲ್ಲಗೆ, “ಅಕ್ಕ, ಯೋಚನೆ ಮಾಡಿ. ಕೆಲಸ ಹೋಗುತ್ತೆ,” ಎಂದ. ಅವನ ದನಿಯಲ್ಲಿ ಬೆದರಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು. ಅವನ ತಲೆಯ ಮೇಲೂ ಯಾರೋ ನಾಲ್ಕು ಸಾವಿರ ಹೊರಿಸಿದ್ದರು.

ಅವಳು ಜೇಬಿನಿಂದ ಕ್ಲಿಪ್ಪು ತೆಗೆದು ಎಡಗುಂಡಿಯ ಸಂದಿಗೆ ತುರುಕಿದಳು. ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದು, ಬಲಗೈ ಒಂದರಿಂದಲೇ ಒತ್ತಿದಳು. ಪ್ರೆಸ್ಸು ಇಳಿಯಿತು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ಇಳಿಯಿತು. ಗಿಡ್ಡ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದರು.

“ಬೇರೆಯವರೂ ಹೀಗೇನಾ?”

ಸಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮೂಲೆಯಲ್ಲಿ ಮಗಳು ಕೈಯನ್ನು ಏಪ್ರನ್ ಜೇಬಿನೊಳಗೆ ಮುಷ್ಟಿ ಮಾಡಿಕೊಂಡು, ತಾಯಿಯನ್ನು ತಿಂದುಬಿಡುವಂತೆ ನೋಡುತ್ತಿದ್ದಳು.  ಆಗ ಪ್ಯಾಕಿಂಗ್ ಕಡೆಯಿಂದ ಕೈಗಾಡಿಯ ಚಕ್ರದ ಕಿರಗುಟ್ಟು. ಮೂಲೆಯತ್ತಿಗೆ ಗಾಡಿ ತಳ್ಳಿಕೊಂಡು ಬಂದು ಬೋರ್ಡುಗಳ ಕೆಳಗೆ ನಿಲ್ಲಿಸಿದಳು. ಒಂದು ಕಡೆ ಒಂಬತ್ತು ಗಂಟೆಯ ಟ್ರೇ, ಇನ್ನೊಂದು ಕಡೆ ಹತ್ತು ಗಂಟೆಯವು. ಒಂದೊಂದರ ಮೇಲೂ ಸೀಮೆಸುಣ್ಣದ ಅಂಕಿ. ಒಂಬತ್ತರ ಸಾಲು ಎತ್ತರ, ಹತ್ತರದ್ದು ಅದರ ಭುಜಕ್ಕೂ ಬರುತ್ತಿರಲಿಲ್ಲ.

“ಸೀಟಿ ಊದೋಕೆ ಮುಂಚೆ ಇಷ್ಟು, ಊದಿದ ಮೇಲೆ ಇಷ್ಟು,” ಎಂದಳು. ಎಡಗೈಯಲ್ಲಿ ತೋರಿಸಿದಳು, ಅಷ್ಟೇ. ಆ ಕೈಯನ್ನು ಅವರು ನೋಡಿದರು.

ಆಮೇಲೆ ನಡೆದದ್ದೆಲ್ಲ ಕಾಗದದಲ್ಲಿ. ಗುಂಡಿಗಳನ್ನು ಬದಲಾಯಿಸುವವರೆಗೆ ಪ್ರೆಸ್ಸುಗಳು ನಿಂತವು. ದಿನಕ್ಕೆ ಎಷ್ಟು ಮುಚ್ಚಳ ಎನ್ನುವುದನ್ನು ಆಫೀಸಿನವರು ತಮ್ಮಷ್ಟಕ್ಕೆ ಬರೆಯುವಂತಿಲ್ಲ, ಎರಡು ಕೈಯಲ್ಲಿ ಒಂದು ಗಂಟೆ ಮಾಡಿಸಿ ನೋಡಿ ಬರೆಯಬೇಕು ಎಂದಾಯಿತು. ಆ ಒಂದು ಗಂಟೆಯನ್ನು ಸಾಲಿನಲ್ಲಿ ಎಲ್ಲರಿಗಿಂತ ನಿಧಾನದವಳ ಕೈಯಲ್ಲಿ ಮಾಡಿಸಬೇಕು ಎಂದು ಹೆಂಗಸರು ಹಟ ಹಿಡಿದರಂತೆ. ಗೋಡೆಯ ಅಂಕಿ ಎರಡು ಸಾವಿರದ ಏಳುನೂರಕ್ಕೆ ಇಳಿಯಿತು. ಮೂಲೆಯತ್ತಿಗೆಯ ಹಳೆಯ ವರದಿಯನ್ನು ತರಿಸಿಕೊಂಡಿದ್ದಾರೆ, ಅದರಲ್ಲಿನ ‘ಅಜಾಗರೂಕತೆ’ ಹೋಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕ್ಲಿಪ್ಪಕ್ಕನನ್ನು ವಜಾ ಮಾಡಲು ಆಫೀಸಿನವರು ನೋಡಿದರು. ರಿಜಿಸ್ಟರಿನಲ್ಲಿ ಅವಳ ಸಹಿ ಇತ್ತು, ತಪ್ಪನ್ನು ಅವಳೇ ತೋರಿಸಿಯೂ ಇದ್ದಳು. ಕೊನೆಗೆ ಒಂದು ತಿಂಗಳು ಕೆಲಸಕ್ಕೆ ಬರಬಾರದು ಎಂಬಲ್ಲಿಗೆ ನಿಂತಿತು.

ಮಗಳು ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ, ನನ್ನನ್ನ ಕೇಳಬಹುದಿತ್ತು ಎಂದಳು. ಕೇಳಿದ್ದರೆ ನೀನು ಬೇಡ ಅಂತಿದ್ದೆ ಎಂದಳು ತಾಯಿ. ಅದು ನಿಜವಾದ್ದರಿಂದ ಇಬ್ಬರೂ ಮುಂದೆ ಬೆಳೆಸಲಿಲ್ಲ.

ಮನೆಯಲ್ಲಿ ಕೂತ ಮೂರನೇ ವಾರ, ಒಂದು ಸಂಜೆ ಅವಳು ಹಗ್ಗದ ಹತ್ತಿರ ಇದ್ದಳು. ಒಳಗೆ ಗಂಡ ಅಮ್ಮನ ಮಗ್ಗುಲು ತಿರುಗಿಸುತ್ತಿದ್ದ. ಹೆಂಡತಿ ಮನೆಯಲ್ಲೇ ಇದ್ದಾಳಲ್ಲ ಎಂದು ಮೊದಲ ವಾರ ಜಾರಿಕೊಂಡಿದ್ದ. ಮುಂದಿನ ತಿಂಗಳು ಅವಳು ಇರುವುದಿಲ್ಲ, ಈಗಲೇ ಕಲಿ ಎಂದು ಅತ್ತೆ ಪಟ್ಟು ಹಿಡಿದಿದ್ದರು. ಒಂದೇ ಕೈಲಿ ಎಳೀಬೇಡವೋ, ಎರಡೂ ಕೈ ಹಾಕು, ನಾನೇನು ಮೂಟೆಯಾ ಎನ್ನುವ ಅವರ ಗೊಣಗಾಟ ಕಿಟಕಿಯಿಂದ ಕೇಳುತ್ತಿತ್ತು.

ಮಗಳು ಬಂದು ಚಪ್ಪಲಿ ಬಿಡುತ್ತಲೇ ಎರಡು ಕೈಗಳನ್ನೂ ತಾಯಿಯ ಮುಂದೆ ಚಾಚಿದಳು. ದಿನಾ ಕೇಳುವ ಮುಂಚೆಯೇ ತೋರಿಸುವುದು ಅಭ್ಯಾಸವಾಗಿತ್ತು.

“ಎಣಿಸ್ಕೋ. ಎರಡು ಸಾವಿರದ ಏಳುನೂರ ಐವತ್ತು.”

ಹೊಸ ಗುಂಡಿಗಳ ಬಗ್ಗೆ ಹೇಳಿದಳು. ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒಟ್ಟಿಗೆ ಒತ್ತದಿದ್ದರೆ ಪ್ರೆಸ್ಸು ಜಪ್ಪಯ್ಯ ಅಂದರೂ ಇಳಿಯುವುದಿಲ್ಲವಂತೆ. ಫಿಟ್ಟರು ಅದನ್ನು ಕೂರಿಸುವಾಗ ಇವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದನಂತೆ, ಹಿಡಿದುಕೊಳ್ಳೋಕೆ ಮಾತ್ರ. ಆಮೇಲೆ ಜೇಬಿಗೆ ಕೈ ಹಾಕಿ ಕ್ಲಿಪ್ಪನ್ನು ತೆಗೆದು ತಾಯಿಯ ಅಂಗೈಯಲ್ಲಿಟ್ಟಳು.

ತಾಯಿ ಅದನ್ನು ತಂದೆಯ ಅಂಗಿಗೆ ಹಾಕಿ ನೋಡಿದಳು. ಹಿಡಿಯಲಿಲ್ಲ. ಸಂದಿಗೆ ಸರಿಯಾಗಿ ಕೂರಲಿ ಎಂದು ಮಗಳು ಅದರ ಕಾಲನ್ನು ಚಾಕುವಿನಿಂದ ಹೆರೆದು ಹೆರೆದು ತೆಳುವಾಗಿಸಿದ್ದಳು. ಅಂಗಿ ಜಾರಿ ನೆಲಕ್ಕೆ ಬಿತ್ತು. ಅವಳು ಕ್ಲಿಪ್ಪನ್ನು ಕಸದ ಬುಟ್ಟಿಗೆ ಹಾಕಿದಳು. ಅಂಗಿಯನ್ನು ಎತ್ತಲಿಲ್ಲ. ಒಳಗಿದ್ದ ಗಂಡನನ್ನು ಕರೆದು, ನಿಮ್ಮ ಅಂಗಿ ಬಿದ್ದಿದೆ, ಕೈ ಖಾಲಿಯಾದ ಮೇಲೆ ಇನ್ನೊಂದು ಸಲ ಜಾಲಿಸಿ ಹಾಕಿ ಎಂದು ಹೇಳಿ, ಉಳಿದ ಹನ್ನೊಂದನ್ನು ಹಗ್ಗದ ಒಂದು ತುದಿಗೆ ಸರಿಸಿಟ್ಟಳು.